ಮೋಡಕ್ಕೆ ಮೋಡವೇ ಅಡ್ಡ

ಜೂನ್ ಬಂದರೆ ನಮ್ಮನೆಯವರಿಗೆ ಮೋಡದ ಹುಚ್ಚು. ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಇದ್ದುಕೊಂಡು ಮೋಡ ಹುಡುಕೋದಾ ಅಂತ ನಗಬೇಡಿ. ಇವರಿಗೆ ಬೇಕಾದದ್ದು ರಾತ್ರಿ ಹೊಳೆಯುವ ಮೋಡ. ನೆಲದಿಂದ ಸುಮಾರು 80 ಕಿಲೋಮೀಟರ್ ಮೇಲೆ, ಉಲ್ಕೆಗಳು ಉರಿದು ಉಳಿದ ಧೂಳಿಗೆ ನೀರಾವಿ ಅಂಟಿ ಹೆಪ್ಪುಗಟ್ಟಿದರೆ ಅದು ಆಗುತ್ತದೆ. ನಮಗೆ ಸೂರ್ಯ ಮುಳುಗಿದ್ದರೂ ಅಷ್ಟು ಎತ್ತರದಲ್ಲಿ ಬಿಸಿಲಿರುತ್ತದೆ. ಅದರಿಂದಲೇ ಹೊಳಪು. ಕೆಳಗೆ ಬೇಸಿಗೆ ಇದ್ದಾಗಲೇ ಅಲ್ಲಿ ಚಳಿ ಜಾಸ್ತಿಯಂತೆ, ಸೊನ್ನೆಗಿಂತ 120 ಡಿಗ್ರಿಗೂ ಕೆಳಗೆ. ಜೂನ್‌ನಲ್ಲೂ ಸ್ವೆಟರ್ ಹಾಕುವ ನನಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ಸಮಸ್ಯೆ ಬೇರೆಯೇ. ಆ ಮೋಡ ಕಾಣಬೇಕಾದರೆ ಈ ಮೋಡ ಇರಬಾರದು. ನಾವು ಕಾಲ್ಟನ್ ಹಿಲ್ ಹತ್ತುವುದನ್ನೇ ಕಾಯುತ್ತಿದ್ದಂತೆ ಸಮುದ್ರದ ಕಡೆಯಿಂದ ಮಂಜು ಬರುತ್ತದೆ. ಇಲ್ಲಿನವರು ಅದನ್ನು ಹಾರ್ ಅನ್ನುತ್ತಾರೆ. ಎದುರಿಗಿರುವ ಲೀತ್ ಬಂದರೇ ಮಾಯವಾಗುತ್ತದೆ, ಇನ್ನು ಆಕಾಶದ ಮಾತೆಲ್ಲಿ!

ಒಂದು ರಾತ್ರಿ ಮಾತ್ರ ಮಂಜು ಸರಿಯಿತು. ಉತ್ತರದಲ್ಲಿ ತಗ್ಗಿನಲ್ಲಿ ನೀಲಿ ಬೆಳಕು. ಬಿಸಿ ಹಾಲಿನ ಕೆನೆ ಊದಿದರೆ ಸುಕ್ಕಾಗುತ್ತದಲ್ಲ, ಹಾಗೆ ಸುಕ್ಕು ಸುಕ್ಕು. ಇವರು ಟ್ರೈಪಾಡ್ ಬಿಡಿಸಿದರು. ಅಷ್ಟರಲ್ಲಿ ಮದುವೆಗೆ ಮುಂಚಿನ ಪಾರ್ಟಿ ಮುಗಿಸಿದ ಹುಡುಗಿಯರ ದಂಡು ಬಂತು. ಮದುಮಗಳ ತಲೆಯಲ್ಲಿ ಪ್ಲಾಸ್ಟಿಕ್ ಕಿರೀಟ. ಟ್ರೈಪಾಡ್ ಕಂಡದ್ದೇ ಇವರನ್ನು ಫೋಟೊಗ್ರಾಫರ್ ಅಂದುಕೊಂಡು ತಮ್ಮ ಫೋನ್ ಕೊಟ್ಟೇಬಿಟ್ಟರು. ಇಲ್ಲ ಅನ್ನುವುದು ಇವರ ಜಾತಕದಲ್ಲೇ ಇಲ್ಲ. ನಿಂತು ಒಂದು, ಕೂತು ಒಂದು, ಹಾರಿ ಒಂದು. ಹಾರುವುದು ಎಲ್ಲರಿಗೂ ಒಟ್ಟಿಗೆ ಬರಲಿಲ್ಲ, ಮತ್ತೆ ಮತ್ತೆ ತೆಗೆಯಬೇಕಾಯಿತು. ಹಿಂದೆ ಮೋಡ ಪಳಪಳ ಹೊಳೆಯುತ್ತಿತ್ತು.

ಅವರನ್ನು ಕಳಿಸಿ ಕ್ಯಾಮೆರಾ ಒತ್ತಿದರೆ ಅದು ಕಣ್ಣೇ ಬಿಡಲಿಲ್ಲ. ಮಧ್ಯಾಹ್ನವೆಲ್ಲ ಮಗ ಪಕ್ಕದ ಮನೆ ಬೆಕ್ಕಿನ ವಿಡಿಯೊ ಮಾಡಿ ಬ್ಯಾಟರಿ ಮುಗಿಸಿದ್ದ. ಜನ ಈ ಮೋಡವನ್ನು ಗುರುತಿಸಿದ್ದು 1885ರಲ್ಲಿ, ಕ್ರಕಟೋವಾ ಜ್ವಾಲಾಮುಖಿ ಸಿಡಿದ ಎರಡು ವರ್ಷಕ್ಕೆ. 1887ರಲ್ಲೇ ಬರ್ಲಿನ್ನಿನ ಖಗೋಳ ವಿಜ್ಞಾನಿ ಓಟೊ ಯೆಸ್ಸೆ ಅದರ ಫೋಟೊ ತೆಗೆದಿದ್ದರು. ಅವರ ಮನೆಯಲ್ಲಿ ಬೆಕ್ಕಿನ ಅಭಿಮಾನಿಗಳು ಇರಲಿಲ್ಲ ಅನ್ನಿಸುತ್ತದೆ. ನಮ್ಮವರು ಆ ವರ್ಷ ತೆಗೆದ ಒಳ್ಳೆಯ ಚಿತ್ರಗಳೆಲ್ಲ ಯಾವುದೋ ಮದುಮಗಳ ಫೋನಿನಲ್ಲಿವೆ, ಕಿರೀಟದ ಹಿಂದೆ.

"ನಿಮ್ಮಮ್ಮನಿಗಾದರೂ ತೋರಿಸೋಣ ಕಣೇ" ಅಂದರು ಇವರು. ಅಮ್ಮನ ಊರು ಹಾಸನ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಈ ಮೋಡ ಚೆನ್ನಾಗಿ ಕಾಣಲು 50 ಆದರೂ ದಾಟಬೇಕು. ಇಲ್ಲಿ ರಾತ್ರಿ ಒಂದು ಗಂಟೆ ಅಂದರೆ ಅಲ್ಲಿ ಬೆಳಗಿನ ಐದೂವರೆ, ಅಮ್ಮ ಎದ್ದಿರುತ್ತಾಳೆ. ನನ್ನ ಫೋನಿನಿಂದ ವಿಡಿಯೊ ಕಾಲ್ ಮಾಡಿ ಆಕಾಶಕ್ಕೆ ಹಿಡಿದೆವು. ಅವಳಿಗೆ ಕಂಡದ್ದು ಬರೀ ಕತ್ತಲೆ.

"ಕಾಣ್ತಿದೆಯಾ ಅತ್ತೆ, ಮೋಡ?" ಇವರು ಕೂಗಿದರು.

"ಮೋಡ ಆಗಿದ್ಯಾ? ಅಯ್ಯೋ, ಒಣಗಿ ಹಾಕಿದ ಬಟ್ಟೆ ಒಳಗೆ ತಂದ್ರೇನಪ್ಪಾ?"