ಪ್ಯಾಕೇಜ್ ಜೊತೆ ಟೈಪ್‌ಗಳನ್ನೂ ಕೊಡಲೇಬೇಕಾ?

ಪರ: ಬರೆದವರೇ ಹೇಳಲಿ

ಎನ್‌ಪಿಎಂಗೆ, ಅಂದರೆ ಜಾವಾಸ್ಕ್ರಿಪ್ಟ್ ಕೋಡ್ ಹಂಚಿಕೊಳ್ಳುವ ಭಂಡಾರಕ್ಕೆ, ಪ್ಯಾಕೇಜ್ ಹಾಕುವವರು ಜೊತೆಗೆ ಟೈಪ್‌ಗಳಿರುವ .ಡಿ.ಟಿಎಸ್ ಫೈಲನ್ನೂ ಹಾಕಲೇಬೇಕು. ಫಂಕ್ಷನ್‌ಗೆ ಏನು ಕೊಡಬೇಕು, ಅದರಿಂದ ಏನು ವಾಪಸ್ ಬರುತ್ತದೆ ಎಂದು ಹೇಳುವ ಫೈಲ್ ಅದು. ಕೋಡ್ ಬರೆದವರಿಗಿಂತ ಚೆನ್ನಾಗಿ ಅದನ್ನು ಬಲ್ಲವರು ಯಾರು?

ಡೆಫಿನೆಟ್ಲಿಟೈಪ್ಡ್ ಇದೆಯಲ್ಲ ಅನ್ನುತ್ತಾರೆ. ಇದೆ, 2012ರಿಂದ. ಯಾರದೋ ಪ್ಯಾಕೇಜ್‌ಗೆ ಇನ್ಯಾರೋ ಪುಣ್ಯಾತ್ಮರು ಟೈಪ್ ಬರೆದಿಡುವ ಜಾಗ. 2016ರಲ್ಲಿ ಟೈಪ್‌ಸ್ಕ್ರಿಪ್ಟ್ (ಜಾವಾಸ್ಕ್ರಿಪ್ಟ್‌ಗೆ ಟೈಪ್ ಸೇರಿಸುವ ಭಾಷೆ) 2.0 ಬಂದ ಮೇಲೆ ಅವನ್ನು @ಟೈಪ್ಸ್ ಹೆಸರಿನಲ್ಲಿ ನೇರವಾಗಿ ಇನ್‌ಸ್ಟಾಲ್ ಮಾಡಬಹುದು. ಉಪಕಾರವೇ. ಆದರೆ ಕೋಡ್ ಒಬ್ಬರ ಕೈಯಲ್ಲಿ, ಟೈಪ್ ಇನ್ನೊಬ್ಬರ ಕೈಯಲ್ಲಿ.

ಇದರ ಬಿಸಿ ನನಗೆ ತಟ್ಟಿದೆ. ಹಿಂದಿನ ಕೆಲಸದಲ್ಲಿ ಕೂಪನ್ ಪರೀಕ್ಷಿಸಲು ಒಂದು ಸಣ್ಣ ಪ್ಯಾಕೇಜ್ ಬಳಸುತ್ತಿದ್ದೆವು. ಹೊಸ ವರ್ಷನ್‌ನಲ್ಲಿ ಅದರ ಫಂಕ್ಷನ್ ಟ್ರೂ-ಫಾಲ್ಸ್ ಬದಲು ಪ್ರಾಮಿಸ್, ಅಂದರೆ ಉತ್ತರ ಆಮೇಲೆ ಕೊಡುತ್ತೇನೆಂಬ ಚೀಟಿ, ಕೊಡತೊಡಗಿತು. @ಟೈಪ್ಸ್ ಮಾತ್ರ ಇನ್ನೂ ಬೂಲಿಯನ್ (ಟ್ರೂ-ಫಾಲ್ಸ್) ಅನ್ನುತ್ತಿತ್ತು. ಇಫ್ ಒಳಗೆ ಪ್ರಾಮಿಸ್ ಇಟ್ಟರೆ ಅದು ಯಾವಾಗಲೂ ಟ್ರೂ, ಅಲ್ವಾ? ಅವಧಿ ಮುಗಿದ ಕೂಪನ್, ಬಾಯಿಗೆ ಬಂದ ಅಕ್ಷರ ಹೊಡೆದ ಕೂಪನ್, ಎಲ್ಲವೂ ಪಾಸ್! ಎಡಿಟರ್‌ನಲ್ಲಿ ಒಂದು ಕೆಂಪು ಗೆರೆಯೂ ಇಲ್ಲ. ಶುಕ್ರವಾರ ಸಂಜೆ ಕೂತವರು ಶನಿವಾರ ಬೆಳಗಿನ ಕಾಫಿ ಹೊತ್ತಿಗೆ ಎದ್ದೆವು. ಟೈಪ್ ಆ ಪ್ಯಾಕೇಜ್ ಒಳಗೇ ಇದ್ದಿದ್ದರೆ ಕೋಡ್ ಜೊತೆಗೇ ಬದಲಾಗುತ್ತಿತ್ತು, ಕಂಪೈಲರ್ ಅಲ್ಲೇ ತಡೆಯುತ್ತಿತ್ತು.

ಕೋಡನ್ನೇ ಟೈಪ್‌ಸ್ಕ್ರಿಪ್ಟ್‌ನಲ್ಲಿ ಬರೆದವರಿಗೆ ಇದು ಕಷ್ಟವೂ ಅಲ್ಲ. ಅದರ ಸೆಟ್ಟಿಂಗ್ ಫೈಲಾದ ಟಿಎಸ್‌ಕಾನ್ಫಿಗ್‌ನಲ್ಲಿ 'ಡಿಕ್ಲರೇಷನ್' ಟ್ರೂ ಮಾಡಿ, ಪ್ಯಾಕೇಜ್‌ನ ವಿವರವಿರುವ ಪ್ಯಾಕೇಜ್.ಜೇಸನ್‌ನಲ್ಲಿ 'ಟೈಪ್ಸ್' ಎಂದು ಒಂದು ಸಾಲು ಸೇರಿಸಿದರಾಯಿತು. ಜಾವಾಸ್ಕ್ರಿಪ್ಟ್‌ನಲ್ಲೇ ಬರೆಯುವ ಹಟವಿದ್ದರೆ ಕೋಡಿನ ಮೇಲೆ ಟೈಪ್ ಬರೆದಿಡುವ ಜೆಎಸ್‌ಡಾಕ್ ಕಾಮೆಂಟ್‌ಗಳಿಂದಲೂ ಅದೇ ಫೈಲ್ ತೆಗೆಯಬಹುದು. ಇಷ್ಟಕ್ಕೂ ಸೋಮಾರಿತನ ಮಾಡುವವರು ಪಬ್ಲಿಷ್ ಮಾಡುವುದಾದರೂ ಯಾಕೆ?

ವಿರೋಧ: ಕೊಡಲೇಬೇಕು ಅನ್ನಬೇಡಿ

ವಿರೋಧದ ಪಾಲು ನನಗೆ ಬಂತು. ಬರೆಯುತ್ತೇನೆ.

ಮೊದಲು ಆ ಕೂಪನ್ ಕತೆ. ಟೆಸ್ಟ್ ಬರೆದಿದ್ದರೆ ಗೊತ್ತಾಗುತ್ತಿತ್ತು. ಸುಮ್ನೆ ಟೈಪ್ ಮೇಲೆ ಯಾಕೆ ಗೂಬೆ ಕೂರಿಸುವುದು?

'ಒಂದು ಸಾಲು' ಎಂಬ ಮಾತಿಗೆ ನನ್ನ ತಕರಾರಿದೆ. ಇಎಸ್‌ಎಂ, ಕಾಮನ್‌ಜೆಎಸ್ ಎಂಬ ಹೊಸ-ಹಳೆ ಮಾಡ್ಯೂಲ್ ಪದ್ಧತಿ ಎರಡಕ್ಕೂ ಕೋಡ್ ಕೊಡುವವರು .ಡಿ.ಎಂಟಿಎಸ್, .ಡಿ.ಸಿಟಿಎಸ್ ಎಂದು ಎರಡು ಬಗೆ ಫೈಲ್ ಇಡಬೇಕಾಗುತ್ತದೆ. ಪ್ಯಾಕೇಜ್.ಜೇಸನ್‌ನ 'ಎಕ್ಸ್‌ಪೋರ್ಟ್ಸ್' ಒಳಗೆ 'ಟೈಪ್ಸ್' ಮೊದಲು ಬರಬೇಕು. ಕೆಳಗೆ ಹೋದರೆ ಅದನ್ನು ನೋಡದೇ ಹೋಗಬಹುದು. ಸಾಲದ್ದಕ್ಕೆ ಟೈಪ್‌ಸ್ಕ್ರಿಪ್ಟ್ ಸೆಮ್‌ವರ್ (ಹಳೆಯ ಕೋಡ್ ಮುರಿಯುವ ಬದಲಾವಣೆ ಮೇಜರ್ ಬಿಡುಗಡೆಯಲ್ಲಷ್ಟೇ ಎಂಬ ನಿಯಮ) ಪಾಲಿಸುವುದಿಲ್ಲ. ಮೈನರ್ ಬಿಡುಗಡೆಯಲ್ಲೂ ಹಳೆಯ ಕೋಡ್ ಮುರಿಯಬಹುದು. ಬೈಸಿಕೊಳ್ಳುವವರು ಪ್ಯಾಕೇಜ್ ಇಟ್ಟವರು.

ನನ್ನದೂ ನಲವತ್ತು ಸಾಲಿನ ಒಂದು ಪ್ಯಾಕೇಜ್ ಇದೆ. ಯಾರೋ ಕೇಳಿದರೆಂದು ಟೈಪ್ ಸೇರಿಸಿದೆ. ಆಮೇಲೆ ಬಂದ ದೂರುಗಳಲ್ಲಿ ಕೋಡ್ ಬಗ್ಗೆ ಒಂದೂ ಇಲ್ಲ, ಎಲ್ಲ ಟೈಪ್ ಬಗ್ಗೆಯೇ. ಒಬ್ಬರಿಗೆ ಜೆನೆರಿಕ್ (ಯಾವ ಟೈಪ್‌ಗೂ ಹೊಂದಿಕೊಳ್ಳುವ ಟೈಪ್) ಬೇಕು, ಇನ್ನೊಬ್ಬರಿಗೆ ಅದು ಜಾಸ್ತಿ ಆಯಿತು. ಸಂಬಳವಿಲ್ಲದ ಕೆಲಸಕ್ಕೆ ಇಷ್ಟೊಂದು ಮೇಲಧಿಕಾರಿಗಳು!

2023ರಲ್ಲಿ ಟರ್ಬೊ ಎಂಬ ವೆಬ್ ಲೈಬ್ರರಿ ತನ್ನ 8ನೇ ಆವೃತ್ತಿಗೆ ಟೈಪ್‌ಸ್ಕ್ರಿಪ್ಟನ್ನೇ ಕೈಬಿಟ್ಟಿತು. ಅಷ್ಟು ದೂರ ನಾನು ಹೋಗುವುದಿಲ್ಲ. ನನ್ನ ಪ್ಯಾಕೇಜ್‌ನಿಂದ ಟೈಪ್ ತೆಗೆದೂ ಇಲ್ಲ. ತೆಗೆದರೆ ಅದಕ್ಕೂ ದೂರು ಬರುತ್ತದೆ.