ಉಡಿದಾರ ಸಡಿಲ ಮಾಡಿ, ಊರು ಬೆಳೆದಿದೆ

ಬೆಂಗಳೂರಿಗೆ ಮತ್ತೊಂದು ಮಾಸ್ಟರ್ ಪ್ಲಾನ್ ಬರುತ್ತಂತೆ, ಅಂದರೆ ಊರಿನ ಯಾವ ಜಾಗ ಯಾತಕ್ಕೆ ಅಂತ ಗೊತ್ತುಮಾಡುವ ನಕ್ಷೆ. ಈ ಸಲ 2041ಕ್ಕೆ. ಓದಿ ಖುಷಿಯಾಯಿತು. ಯಾಕೆಂದರೆ ನಾವೆಲ್ಲ ಇನ್ನೂ 2015ರಲ್ಲೇ ಇದ್ದೇವೆ. 2007ರಲ್ಲಿ ಒಪ್ಪಿಗೆ ಸಿಕ್ಕ ಪ್ಲಾನಿನ ಹೆಸರೇ ‘ಮಾಸ್ಟರ್ ಪ್ಲಾನ್ 2015’. ಆ ವರ್ಷ ಮುಗಿದರೂ ಪ್ಲಾನ್ ಮುಗಿಯಲಿಲ್ಲ. 2031ರದ್ದು ಅಂತ 2017ರಲ್ಲಿ ಒಂದು ಕರಡು ಬಂತು, ಹಿಂದೆಯೇ ಸಾವಿರಾರು ಆಕ್ಷೇಪಣೆ ಬಂದವು, ಕೊನೆಗೆ ಸರ್ಕಾರವೇ ಅದನ್ನು ವಾಪಸ್ ತೆಗೆದುಕೊಂಡಿತು. ಹತ್ತು ವರ್ಷಕ್ಕೊಮ್ಮೆಯಾದರೂ ಪ್ಲಾನ್ ಪರಿಷ್ಕರಿಸಬೇಕು ಅನ್ನುತ್ತದೆ 1961ರ ನಗರ ಯೋಜನೆ ಕಾಯ್ದೆ. ಪಾಪ, ವಯಸ್ಸಾಯಿತು, ಏನೋ ಗೊಣಗುತ್ತಿರುತ್ತದೆ.

ಪ್ಲಾನಿನ ನಕ್ಷೆ ನೋಡಿದ್ದೀರಲ್ವಾ? ಮನೆಗಳಿಗೆ ಹಳದಿ, ಊರಿನ ಸುತ್ತ ಹಸಿರು. ಬಡಾವಣೆ ಮಾಡದೆ ಬೇಸಾಯಕ್ಕೆ ಅಂತ ಬಿಟ್ಟ ಆ ಹಸಿರನ್ನು ಗ್ರೀನ್ ಬೆಲ್ಟ್ ಅಂತಾರೆ. ನನ್ನ ಕೇಳಿದರೆ ಅದು ಬೆಲ್ಟ್ ಅಲ್ಲ, ಉಡಿದಾರ. ಮಗು ದಪ್ಪಗಾದ ಹಾಗೆಲ್ಲ ಅಜ್ಜಿ ಅದನ್ನು ಬಿಚ್ಚಿ ಸಡಿಲ ಮಾಡಿ ಕಟ್ಟುತ್ತಾಳೆ. ಉಡಿದಾರ ಬಿಗಿಯಾಯಿತು, ಮಗು ಉಣ್ಣೋದು ಕಮ್ಮಿ ಮಾಡಲಿ ಅಂತ ಯಾವ ಅಜ್ಜಿಯಾದರೂ ಹೇಳಿದ್ದುಂಟೇ? ನಮ್ಮ ಚಿಕ್ಕಪ್ಪನದು ಬೆಳ್ಳಿ ಉಡಿದಾರ. ಯಾವತ್ತೋ ಹರಿದು ಕೊಟ್ಟಿಗೆಯಲ್ಲಿ ಬಿದ್ದಿತ್ತು. ವಾರಗಟ್ಟಲೆ ಅವರಿಗೇ ಗೊತ್ತಾಗಿರಲಿಲ್ಲ. ಅಜ್ಜಿ ಅದನ್ನು ಕರಗಿಸಿ ಕುಂಕುಮದ ಭರಣಿ ಮಾಡಿಸಿಕೊಂಡಳು. ಬೆಂಗಳೂರಿನ ಉಡಿದಾರ ಕರಗಿಸಿ ಯಾರ್ಯಾರು ಏನೇನು ಮಾಡಿಸಿಕೊಂಡರೋ.

ಸೈಟ್ ಬ್ರೋಕರುಗಳ ಕನ್ನಡ ನನಗೆ ತುಂಬಾ ಇಷ್ಟ. ನನಗೆ ವಾರಕ್ಕೆರಡು ಸಲ ಫೋನ್ ಮಾಡುವ ಒಬ್ಬನಿದ್ದಾನೆ. “ಈಗ ಗ್ರೀನ್ ಇದೆ ಸಾರ್, ಸದ್ಯದಲ್ಲೇ ಯೆಲ್ಲೋ ಆಗತ್ತೆ” ಅಂತಾನೆ. ಮಾವಿನಕಾಯಿ ವ್ಯಾಪಾರಿಯೂ ಇಷ್ಟು ಭರವಸೆಯಿಂದ ಹೇಳಲ್ಲ. ಹುಲ್ಲಿನಲ್ಲಿಟ್ಟು ನಾಲ್ಕು ದಿನ ಕಾದರೆ ಹಣ್ಣಾಗುತ್ತದೆ, ಅಷ್ಟೇ. ಯಾವ ಕಚೇರಿಯ ಹುಲ್ಲಿನಲ್ಲಿ ಇಡಬೇಕು ಅನ್ನೋದೂ ಅವನಿಗೆ ಗೊತ್ತು.

ಹಳ್ಳಿಗಳ ಬಗ್ಗೆ ನಗರಕ್ಕಿರುವ ಪ್ರೀತಿಯನ್ನೂ ಮೆಚ್ಚಬೇಕು. 2007ರಲ್ಲಿ 110 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿಕೊಂಡರು. ಅವುಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರಲ್ಲಿ. ನಡುವಿನ 17 ವರ್ಷ ಟ್ಯಾಂಕರ್ ಇತ್ತಲ್ಲ, ಇನ್ನೇನು ಬೇಕು?

ಹಣ್ಣೂ ಆಗದೆ ಕಾಯಿಯೂ ಆಗಿ ಉಳಿಯದೆ ಹಾಗೇ ಕೊಳೆತ ಜಮೀನೂ ಇದೆ. ಊರಿನ ಹೊರಗೆ ಸುತ್ತು ಹಾಕಬೇಕಿದ್ದ ಪೆರಿಫೆರಲ್ ರಿಂಗ್ ರೋಡ್‌ನದು. ಸುಮಾರು 73 ಕಿಲೋಮೀಟರ್. ಜಮೀನು ಸ್ವಾಧೀನಕ್ಕೆ ಮೊದಲ ಅಧಿಸೂಚನೆ 2005ರಲ್ಲಿ, ಅಂತಿಮ ಅಧಿಸೂಚನೆ 2007ರಲ್ಲಿ. ರಸ್ತೆ ಆಗಲಿಲ್ಲ. ಹೆಸರು ಮಾತ್ರ ‘ಬೆಂಗಳೂರು ಬಿಸಿನೆಸ್ ಕಾರಿಡಾರ್’ ಆಯಿತು. ಅಷ್ಟು ವರ್ಷ ಆ ರೈತರು ಜಮೀನು ಮಾರುವ ಹಾಗಿಲ್ಲ, ಮಗನಿಗೆ ಒಂದು ಮನೆ ಕಟ್ಟಿಕೊಡುವ ಹಾಗಿಲ್ಲ. ಪರಿಹಾರ 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಕೊಡಿ ಅಂದರೆ, ಅದು ನಿಮಗೆ ಅನ್ವಯಿಸಲ್ಲ ಅನ್ನೋ ಉತ್ತರ. ಮೊದಲ ಅಧಿಸೂಚನೆ ಬಂದ ವರ್ಷ ಹುಟ್ಟಿದ ಮಕ್ಕಳು ಈಗ ಓಟು ಹಾಕುತ್ತಿದ್ದಾರೆ. ಇದರಲ್ಲಿ ನಗೋಕೆ ಏನಿದೆ ಹೇಳಿ? ನಕ್ಷೆಗೆ ಬಣ್ಣ ಬಳಿದವರಿಗೆ ಒಂದು ದಿನವೂ ನಷ್ಟವಾಗಲಿಲ್ಲ. ನನಗೂ ಈ ತಮಾಷೆ ಬರೆದು ಬರೆದು ಸಾಕಾಗಿದೆ.

ಇರಲಿ. ಬ್ರೋಕರ್ ಬಿಡಲಿಲ್ಲ, ಮೊನ್ನೆ ಸುಮ್ನೆ ಹೋಗಿ ನೋಡಿಕೊಂಡು ಬಂದೆ. ರಾಗಿ ಕೊಯ್ದ ಹೊಲ, ಕೂಳೆ ಇನ್ನೂ ನಿಂತಿದೆ. ನಡುವೆ ಕೆಮ್ಮಣ್ಣಿನ ದಾರಿ. ಎರಡೂ ಕಡೆ ಸುಣ್ಣ ಬಳಿದ ಕಲ್ಲು, ಮೇಲೆ ಕೆಂಪು ಬಣ್ಣದಲ್ಲಿ ನಂಬರು. ನನಗೆ ಅಂತ ಇಟ್ಟಿದ್ದು 42ನೇ ಸೈಟು. ಆ ಕಲ್ಲಿಗೆ ಅಜ್ಜಿಯೊಬ್ಬರು ಮೇಕೆ ಕಟ್ಟಿದ್ದರು.

“ಈಸ್ಟ್ ಫೇಸಿಂಗ್ ಸಾರ್” ಅಂದ ಬ್ರೋಕರ್.

ಮೇಕೆ ಪಶ್ಚಿಮಕ್ಕೆ ಮುಖ ಮಾಡಿ ಮೇಯುತ್ತಿತ್ತು.