ಒಡವೆ ನೋಡಿ ಅಧಿಕಾರ ಅಳೆಯಬೇಡಿ

ರಾಜಮನೆತನದವರ ಚಿತ್ರದಲ್ಲಿ ಒಡವೆ, ಜರಿ ಜಾಸ್ತಿ ಇದ್ದಷ್ಟೂ ಅದರಲ್ಲಿರುವವರ ಅಧಿಕಾರ ದೊಡ್ಡದು ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಮ್ಮ ಕೊಡಗಿನ ರಾಜಕುಮಾರಿ ಗೌರಮ್ಮನ ಚಿತ್ರ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಅವಳ ತಂದೆ, ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ, 1834ರಲ್ಲೇ ಬ್ರಿಟಿಷರಿಗೆ ರಾಜ್ಯ ಕಳೆದುಕೊಂಡಿದ್ದ. ಅವಳು ಹುಟ್ಟಿದ್ದೇ ಆಮೇಲೆ, 1841ರಲ್ಲಿ. 1852ರಲ್ಲಿ ಲಂಡನ್ನಿನಲ್ಲಿ ಅವಳಿಗೆ ಕ್ರೈಸ್ತ ಧರ್ಮಕ್ಕೆ ಸೇರಿಸುವ ದೀಕ್ಷಾಸ್ನಾನ ಆಯಿತು, ವಿಕ್ಟೋರಿಯಾ ರಾಣಿಯೇ ಧರ್ಮತಾಯಿ (ಗಾಡ್‌ಮದರ್). ಯುರೋಪಿನ ರಾಜಮನೆತನಗಳ ಅಚ್ಚುಮೆಚ್ಚಿನ ಚಿತ್ರಕಾರ ವಿಂಟರ್‌ಹಾಲ್ಟರ್ ತೈಲವರ್ಣದಲ್ಲಿ ಅವಳನ್ನು ಬರೆದ. ರೇಷ್ಮೆ, ಚಿನ್ನ ಎಲ್ಲ ಇದೆ, ಕೈಯಲ್ಲಿ ಮಾತ್ರ ಬೈಬಲ್! ಶಿಲ್ಪಿ ಮರೋಕೆಟ್ಟಿ ಕಡೆದ, ಬಣ್ಣ ಹಚ್ಚಿದ ಅವಳ ಅಮೃತಶಿಲೆಯ ಪ್ರತಿಮೆಯೂ ಇದೆ. ಕೆಲಸಗಾರಿಕೆ ಅದ್ಭುತ, ಒಪ್ಪುತ್ತೇನೆ. ಆದರೆ ಅಲ್ಲಿ ಕಾಣುವುದು ಹನ್ನೊಂದರ ಹುಡುಗಿಯ ಅಧಿಕಾರ ಅಲ್ಲ, ಚಿತ್ರ ಬರೆಸಿದವರದ್ದು, ಅಲ್ವಾ?

ಮೈಸೂರಿನ ಮುಮ್ಮಡಿ ಕೃಷ್ಣರಾಜರ ಕಥೆಯೂ ಬೇರೆಯಲ್ಲ. 1831ರಲ್ಲಿ ಆಡಳಿತ ಕೈತಪ್ಪಿದ ಮೇಲೂ ಅವರ ಆಸ್ಥಾನದಲ್ಲಿ ಚಿತ್ರಗಳಿಗೆ ಚಿನ್ನದ ರೇಕು ಅಂಟಿಸುವ ಕೆಲಸ ನಡೆದೇ ಇತ್ತು.

ಇನ್ನು ಮಡಿಕೇರಿ ಕೋಟೆಯಲ್ಲಿರುವ ಎರಡು ಆನೆಗಳು ಬರೀ ಗಾರೆಯವು. ಅವನ್ನು ಮಾಡಿಸಿದಾಗ ನಮ್ಮ ಅರಸರು ನಿಜವಾಗಿ ಆಳುತ್ತಿದ್ದರು. ನಿಮ್ಮ ಲೆಕ್ಕದಲ್ಲಿ ಅವು ಎಲ್ಲಿ ಬರುತ್ತವೆ?